ಮಷೀನ್ ಆಫ್ ಮಾಡಿ ನಡುಗಿ ತೋರಿಸಬೇಕಾ?

ಮಾನ್ಯ ಸಂಪಾದಕರೇ,

ಗುರುವಾರದ ಪತ್ರಿಕೆಯಲ್ಲಿ ‘ವಿಶೇಷಚೇತನರ ಶಿಬಿರದಲ್ಲಿ ವೃದ್ಧನ ಕಡೆಯವರಿಂದ ಗಲಾಟೆ’ ಅಂತ ಬಂದಿದೆಯಲ್ಲ, ಆ ವೃದ್ಧ ನಮ್ಮಪ್ಪ. ಗಲಾಟೆ ಮಾಡಿದವಳು ನಾನು. ಶಿಬಿರದ ಸಾಹೇಬರ ಹೇಳಿಕೆ ಹಾಕಿದ್ದೀರಿ, ಫೋಟೊನೂ ಹಾಕಿದ್ದೀರಿ. ಗಲಾಟೆ ಯಾಕೆ ಆಯಿತು ಅನ್ನೋದೊಂದೇ ಬಿಟ್ಟುಹೋಗಿದೆ.

ಅಪ್ಪನಿಗೆ ಹನ್ನೊಂದು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಮಂಡಕ್ಕಿ ತಟ್ಟೆ ಕೈಗೆ ಕೊಟ್ಟರೆ ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು. ಎರಡು ವರ್ಷದ ಹಿಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಪರೇಷನ್ ಆಯಿತು. ಮೆದುಳಿನೊಳಗೆ ಎರಡು ಸಣ್ಣ ತಂತಿ, ಎದೆಯ ಮೇಲ್ಭಾಗದಲ್ಲಿ ಚರ್ಮದ ಕೆಳಗೆ ಒಂದು ಪುಟ್ಟ ಮಷೀನು. ಅದು ಆನ್ ಇರುವವರೆಗೆ ಕೈ ನಡುಗಲ್ಲ. ಕಾಯಿಲೆ ಹೋಗಿಲ್ಲ. ಈಗಲೂ ಹೊಸ್ತಿಲ ಹತ್ತಿರ ಕಾಲು ಅಂಟಿಕೊಂಡ ಹಾಗೆ ನಿಂತುಬಿಡುತ್ತಾರೆ.

ಅಂಥವರಿಗೆ ಅಂಗವೈಕಲ್ಯದ ಸರ್ಟಿಫಿಕೇಟ್ ಕೊಡೋ ಶಿಬಿರ ಎಲ್ಲಿ? ಮೊದಲನೇ ಮಹಡಿಯಲ್ಲಿ! ಬೆಳಗ್ಗೆ 7ಕ್ಕೆ ಟೋಕನ್ ತಗೊಂಡೆವು, ಹೆಸರು ಕೂಗಿದ್ದು ಎರಡೂವರೆಗೆ. ಕುರ್ಚಿ ಇಲ್ಲ, ಕುಡಿಯೋಕೆ ನೀರಿಲ್ಲ, ಮಾತ್ರೆಯ ಹೊತ್ತೂ ಮೀರಿತ್ತು. ಸಾಹೇಬರು ಅಪ್ಪನ ಕೈ ನೋಡಿ, ‘ನಡುಕವೇ ಇಲ್ಲವಲ್ರೀ’ ಅಂದರು. ಚೀಟಿಯಲ್ಲಿ ನಿಮ್ಹಾನ್ಸ್ ಅಂತ ಕಂಡ ಕೂಡಲೇ, ‘ಇದು ತಲೆ ಕೆಟ್ಟವರ ಕೇಸು, ಆ ಕಡೆ ಟೇಬಲ್‌ಗೆ ಹೋಗಿ’ ಅಂದರು. ನಲವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದ ಮೇಷ್ಟ್ರು ತಲೆ ತಗ್ಗಿಸಿ ನಿಂತಿದ್ದರು. ನಾನು ಬಿಡದೆ ಎಲ್ಲ ವಿವರಿಸಿದರೆ, ‘ತಲೆ ಕೊರೆದು ನಡುಕ ನಿಲ್ಲಿಸ್ತಾರಾ? ಇದೆಲ್ಲ ನಿನ್ನೆ ಮೊನ್ನೆ ಬಂದಿದ್ದು. ಮಷೀನ್ ಆಫ್ ಮಾಡಿ ತೋರಿಸಿ’ ಅಂದರು. ಕನ್ನಡಕದವರಿಗೂ ಕನ್ನಡಕ ತೆಗೆದು ಗೋಡೆಗೆ ಡಿಕ್ಕಿ ಹೊಡೆಯೋಕೆ ಹೇಳ್ತಾರೇನೋ.

ನಿನ್ನೆ ಮೊನ್ನೆಯಂತೆ! 1947ರಲ್ಲೇ ಅಮೆರಿಕದಲ್ಲಿ ಸ್ಪೀಗೆಲ್ ಮತ್ತು ವೈಸಿಸ್ ಅನ್ನುವವರು ತಲೆಗೆ ಲೋಹದ ಚೌಕಟ್ಟು ಕಟ್ಟಿ, ಅಳತೆ ಹಿಡಿದು ಮೆದುಳಿನ ಆಳಕ್ಕೆ ಸೂಜಿ ಇಳಿಸುವ ವಿಧಾನ ಪ್ರಕಟಿಸಿದ್ದರು. 1952ರಲ್ಲಿ ನ್ಯೂಯಾರ್ಕಿನ ಡಾ. ಇರ್ವಿಂಗ್ ಕೂಪರ್ ಪಾರ್ಕಿನ್ಸನ್ ರೋಗಿಯೊಬ್ಬರಿಗೆ ಬೇರೆ ಥರದ ಆಪರೇಷನ್ ಮಾಡಲು ಹೋಗಿ ಒಂದು ರಕ್ತನಾಳಕ್ಕೆ ಪೆಟ್ಟು ಮಾಡಿದರು. ಗಾಬರಿಯಲ್ಲಿ ಅದಕ್ಕೆ ಕ್ಲಿಪ್ ಹಾಕಿ, ಅಂದುಕೊಂಡ ಕೆಲಸ ಅಲ್ಲಿಗೇ ಬಿಟ್ಟು ತಲೆ ಮುಚ್ಚಿದರು. ರೋಗಿ ಎಚ್ಚರವಾದಾಗ ನಡುಕವೂ ಇಲ್ಲ, ಬಿಗಿತವೂ ಇಲ್ಲ, ಲಕ್ವವೂ ಹೊಡೆದಿಲ್ಲ! ಆ ಪುಣ್ಯಾತ್ಮ ತನ್ನ ತಪ್ಪನ್ನು ಮುಚ್ಚಿಡಲಿಲ್ಲ, ಅದರಿಂದಲೇ ಕಲಿತರು. ನಮ್ಮ ಸಾಹೇಬರ ತಪ್ಪಿನಿಂದ ಯಾರು ಏನು ಕಲಿತಾರೋ.

1960ರ ದಶಕದ ಕೊನೆಗೆ ಈ ಕಾಯಿಲೆಗೆ ಲೆವೊಡೋಪ ಅನ್ನೋ ಮಾತ್ರೆ ಬಂದ ಮೇಲೆ ಈ ಆಪರೇಷನ್‌ಗಳು ತುಂಬಾ ಕಡಿಮೆಯಾದವು. ವರ್ಷಗಟ್ಟಲೆ ಮಾತ್ರೆ ನುಂಗಿದವರಿಗೆ ಮೈ ತಾನಾಗಿಯೇ ತಿರುಚೋಕೆ ಶುರುವಾಯಿತು, ಮತ್ತೆ ಆಪರೇಷನ್ ನೆನಪಾಯಿತು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡಾ. ಬೆನಬಿಡ್, ಮೊದಲಿನ ಹಾಗೆ ಮೆದುಳನ್ನು ಸುಡದೆ, ಬರೀ ವೇಗವಾಗಿ ಮಿಡಿಯುವ ಕರೆಂಟಿನಿಂದಲೇ ನಡುಕ ನಿಲ್ಲಿಸಿದರು. ಅಪ್ಪನಿಗೆ ಆಗಿದ್ದು ಅದೇ. ಎಚ್ಚರ ಇರುವಾಗಲೇ ಮಾಡಿದರು. ‘ಮೇಷ್ಟ್ರೇ, ಕೈ ಎತ್ತಿ, ಮಗ್ಗಿ ಹೇಳಿ’ ಅಂತ ಡಾಕ್ಟರು ಕೇಳುತ್ತಿದ್ದರಂತೆ. ಇಷ್ಟಕ್ಕೂ ನಿಮ್ಹಾನ್ಸ್‌ನ ಮೊದಲ ನಿರ್ದೇಶಕ ಡಾ. ಆರ್. ಎಂ. ವರ್ಮಾ ಇದಕ್ಕೂ ಎಷ್ಟೋ ಮುಂಚೆ ಬೆಂಗಳೂರಿನಲ್ಲೇ ಪಾರ್ಕಿನ್ಸನ್‌ಗೆ ಆಪರೇಷನ್ ಮಾಡುತ್ತಿದ್ದವರು. ಆಗ ನಮ್ಮ ಸಾಹೇಬರು ಹುಟ್ಟಿದ್ದರೋ ಇಲ್ಲವೋ.

ಪಾರ್ಕಿನ್ಸನ್ ಅಂಗವೈಕಲ್ಯದ ಪಟ್ಟಿಯಲ್ಲೇ ಇಲ್ಲ ಅಂತಲೂ ಸಾಹೇಬರು ಅಂದರು. 2016ರ ವಿಶೇಷಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಹೆಸರು ಅಚ್ಚಾಗಿದೆ. ಓದಬೇಕಲ್ಲ! ಇದೇ ಕಚೇರಿಯಲ್ಲಿ ಹಿಂದೆ ಅಮ್ಮನ ಪಿಂಚಣಿ ಅರ್ಜಿ ಮೂರು ಸಲ ಕಳೆದುಹೋಗಿತ್ತು. ಆಪರೇಷನ್‌ಗೆ ಮುಂಚೆ ಅಪ್ಪನ ಸಹಿ ಹೊಂದಲ್ಲ ಅಂತ ವಾಪಸ್ ಕಳಿಸಿದ್ದೂ ಇವರೇ. ಆಗ ಕೈ ನಡುಗುತ್ತೆ ಅಂತ ತಪ್ಪು, ಈಗ ನಡುಗಲ್ಲ ಅಂತ ತಪ್ಪು. ಮನೆ ಮುಂದೆ ಚರಂಡಿ ಅಗೆದು ಹೋದವರು ಆರು ತಿಂಗಳಾದರೂ ಬಂದಿಲ್ಲ, ಅಪ್ಪನನ್ನು ಹಲಗೆ ಮೇಲೆ ದಾಟಿಸಬೇಕು. ಇದಕ್ಕೆ ಸ್ಮಾರ್ಟ್ ಸಿಟಿ ಅಂತ ಹೆಸರು ಬೇರೆ.

ಮೇಲಿನವರು ಆ ಸಾಹೇಬರನ್ನು ವಿಚಾರಿಸಬೇಕು. ಇಲ್ಲಾ ಅವರಿಗೆ ಯಾರಾದರೂ ಕೂರಿಸಿಕೊಂಡು ಪಾಠ ಹೇಳಬೇಕು. ಎರಡೂ ಆಗದಿದ್ದರೆ ಶಿಬಿರವನ್ನಾದರೂ ಕೆಳಗೆ ಮಾಡಿ, ನಾಲ್ಕು ಕುರ್ಚಿ ಹಾಕಿಸಿ. ನೀವೂ ಅಷ್ಟೇ, ಮುಂದಿನ ಸಲ ಗಲಾಟೆ ಅಂತ ಬರೆಯೋ ಮುಂಚೆ ಗಲಾಟೆ ಮಾಡಿದವರನ್ನೂ ಒಂದು ಮಾತು ಕೇಳಿ.

– ಮೇಷ್ಟ್ರ ಮಗಳು, ವಿದ್ಯಾನಗರ, ದಾವಣಗೆರೆ