ನಿಜ ಹೇಳೋದಕ್ಕೂ ಗ್ರೇಡ್ ಕೊಡ್ತಾರಾ?

ಸಂಪಾದಕರೇ,

ನಮ್ಮ ಏರಿಯಾದ ಹೆಣ್ಮಕ್ಕಳ ಕಾನ್ವೆಂಟ್‌ನಲ್ಲಿ ಮೌಲ್ಯ ಶಿಕ್ಷಣದ ಮೌಲ್ಯಮಾಪನ, ಅಂದ್ರೆ ಮಕ್ಕಳ ಗುಣ-ನಡತೆಗೆ ಗ್ರೇಡ್ ಕೊಡೋದು, ಚೆನ್ನಾಗಿ ನಡೀತು ಅಂತ ಮೊನ್ನೆ ಫೋಟೋ ಸಮೇತ ಹಾಕಿದ್ರಲ್ಲ, ಅವತ್ತು ನಾನೂ ಅಲ್ಲೇ ಕಾರಿಡಾರ್‌ನಲ್ಲಿ ನಿಂತಿದ್ದೆ. ಒಂಬತ್ತಕ್ಕೆ ಬನ್ನಿ ಅಂದ್ರು ಅಂತ ಅರ್ಧ ದಿನ ರಜೆ ಹಾಕಿ, ಬನ್ನಿಮಂಟಪದಿಂದ ಎರಡು ಬಸ್ ಹಿಡಿದು ಓಡಿಬಂದ್ರೆ ನನ್ನ ಸರದಿ ಬಂದಿದ್ದು ಹನ್ನೆರಡೂಕಾಲಿಗೆ, ಕೂರೋಕೆ ಒಂದು ಬೆಂಚಿಲ್ಲ, ಫಾರಂ ಪೂರ್ತಿ ಇಂಗ್ಲಿಷು, ಪಕ್ಕದಲ್ಲಿದ್ದ ಅಜ್ಜಿ ‘ಇದ್ರಲ್ಲಿ ಏನ್ ಕೇಳವ್ರೆ ಮಗಾ’ ಅಂತ ಸಿಕ್ಕಸಿಕ್ಕವರನ್ನೆಲ್ಲ ಕೇಳ್ತಿದ್ರು.

ನನ್ನ ಹೊಟ್ಟೆ ಉರಿದಿದ್ದು ಅದಕ್ಕಲ್ಲ. ಸಹಿ ಹಾಕಿ ಅಂತ ಮಗಳ ಫಾರಂ ಕೊಟ್ರು. ‘ನಾನು ನಿಜ ಹೇಳುತ್ತೇನೆ’ ಅನ್ನೋದರ ಮುಂದೆ ‘ಕೆಲವೊಮ್ಮೆ’ ಅಂತ ಪೆನ್ಸಿಲ್‌ನಲ್ಲಿ ಟಿಕ್ ಹಾಕಿದ್ದಾಳೆ, ಅದನ್ನ ರಬ್ಬರ್‌ನಲ್ಲಿ ಉಜ್ಜೀ ಉಜ್ಜೀ ಪೇಪರ್ ತೂತಾಗಿದೆ, ಪಕ್ಕದ ‘ಯಾವಾಗಲೂ’ಗೆ ಪೆನ್ನಲ್ಲಿ ಟಿಕ್. ಯಾಕೆ ಅಂದ್ರೆ ‘ಮಿಸ್ಸೇ ತಿದ್ದಿಸಿದ್ರಮ್ಮ, ಇಲ್ಲಾಂದ್ರೆ ಕ್ಲಾಸಿಗೆಲ್ಲ ಗ್ರೇಡ್ ಕಮ್ಮಿ ಆಗುತ್ತಂತೆ’ ಅಂದ್ಲು. ನಿಜ ಬರೆದ ಮಗು ಕೈಲಿ ಸುಳ್ಳು ಬರೆಸಿ ಅದಕ್ಕೆ ‘ಎ’ ಕೊಡ್ತೀರಲ್ಲ, ನಾಚಿಕೆ ಆಗಲ್ವಾ?

ನಾನೂ ಸಿಸ್ಟರ್‌ಗಳ ಕೈಕೆಳಗೇ ಓದಿದವಳು. ಕ್ರಿಶ್ಚಿಯನ್ ಹುಡುಗಿಯರು ಕ್ಯಾಟೆಕಿಸಂಗೆ, ಅಂದ್ರೆ ಅವರ ಧರ್ಮದ ಪಾಠಕ್ಕೆ ಹೋದ್ರೆ ಉಳಿದೋರಿಗೆ ಮಾರಲ್ ಸೈನ್ಸ್. ಊಟ ತರದ ಹುಡುಗಿಗೆ ಸಿಸ್ಟರ್ ತಮ್ಮ ಡಬ್ಬಿ ಕೊಟ್ಟು ತಾವು ನೀರು ಕುಡಿದು ಪಾಠ ಮಾಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ, ಅದನ್ನ ಯಾವ ಫಾರಂನಲ್ಲಿ ಅಳೀತೀರಿ?

ಅಧಿಕಾರಿಗಳನ್ನ ಕೇಳಿದ್ರೆ ‘ಅಲ್ಪಸಂಖ್ಯಾತ ಸಂಸ್ಥೆ, ನಮ್ಗೆ ಬರಲ್ಲ’ ಅಂತಾರೆ. ಗೊತ್ತು ಸ್ವಾಮಿ, ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸೋ ಹಕ್ಕು ಕೊಟ್ಟಿದೆ, ಶಿಕ್ಷಣ ಹಕ್ಕು ಕಾಯ್ದೆ ಇಂಥ ಶಾಲೆಗಳಿಗೆ ಅನ್ವಯಿಸಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆದ್ರೆ ಮಗು ಭಯ ಇಲ್ದೆ ತನ್ನ ಮಾತು ಹೇಳೋ ಹಾಗಿರಬೇಕು ಅಂತ ಆ ಕಾಯ್ದೆಯ 29ನೇ ಕಲಮಿನಲ್ಲಿ ಇರೋದು ಯಾವ ಶಾಲೆಗೆ ಬೇಡದ ಮಾತು? ದೇಶದ ಶಾಲೆಗಳಿಗೆ ಪಠ್ಯಪುಸ್ತಕ ಮಾಡೋ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ನಮ್ಮ ಮೈಸೂರಲ್ಲೇ ಇದೆ, ಅಲ್ಲಿಗೆ ಹೋಗಿ ಮೌಲ್ಯಮಾಪನ ಅಂದ್ರೇನು ಅಂತ ಒಂದ್ಸಲ ಕೇಳಿಕೊಂಡು ಬರೋಕೆ ಇವರಿಗೇನು ಕಷ್ಟ? ಹೋದ ವರ್ಷ ಸ್ಕಾಲರ್‌ಶಿಪ್ ಅರ್ಜಿಗೆ ಮೂರು ಸಲ ಅಲೆಸಿದ್ದು ಇದೇ ಅಧಿಕಾರಿಗಳೇ, ಸಾಹೇಬ್ರು ಮೀಟಿಂಗ್, ಸಾಹೇಬ್ರು ಊಟ, ಸಾಹೇಬ್ರು ರಜೆ.

ಆ ಫಾರಂಗಳನ್ನೆಲ್ಲ ವಾಪಸ್ ತಗೊಳ್ಳಲಿ, ಇಲ್ಲಾ ಮಕ್ಕಳು ಮೊದಲು ಬರೆದಿದ್ದನ್ನೇ ಹಾಗೇ ಬಿಡಲಿ. ಬೆಂಚೂ ಹಾಕಿಸಲಿ.

– ಒಬ್ಬ ತಾಯಿ, ಮೈಸೂರು