ಮೊದಲು ಆ ಟಾರ್ಪಾಲ್ ತೆಗಿ

ಪುಟ್ಟಾ,

ಹೇಗಿದ್ದೀಯ. ವಾಯ್ಸ್ ಮೆಸೇಜ್ ಹಾಕಿದ್ರೆ ನೀನು ಡಬಲ್ ಸ್ಪೀಡಲ್ಲಿಟ್ಟು ಕೇಳ್ತೀಯ ಅಂತ ನಿನ್ನ ತಂಗಿ ಹೇಳಿದ್ಲು, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ. ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊ, ಕನ್ನಡಕ ಹಳೇದು.

ನಿನ್ನೆ ರಾತ್ರಿ ಅಕ್ಕ ಫೋನ್ ಮಾಡಿದ್ಲು. ನೀನು ಮಾಡಿದ ತೆಂಗಿನಕಾಯಿ ಸುಲಿಯೋ ಮಷೀನಿಗೆ ಟಾರ್ಪಾಲ್ ಹೊದಿಸಿ, ಹಗ್ಗ ಬಿಗಿದು, ಶೆಡ್ಡಿಗೆ ಬೀಗ ಜಡಿದು, ಬೀಗದ ಕೈ ಜೇಬಲ್ಲಿಟ್ಕೊಂಡು ಓಡಾಡ್ತಿದ್ದೀಯಂತೆ. ಭಾವನ್ನೂ ಒಳಗೆ ಬಿಡ್ತಿಲ್ವಂತೆ! ನಿನ್ನ ರೋಲರ್ ತಿರುಗಿಸಿಕೊಟ್ಟ ಲೇತ್ ಅಂಗಡಿ ಹುಡುಗ ಅದೇ ಥರದ್ದೊಂದು ಮಾಡಿ ವೀಡಿಯೋ ಹಾಕಿದಾನೆ, ಅವನ ಮೇಲೆ ಕೇಸ್ ಹಾಕ್ತೀನಿ, ಪೇಟೆಂಟ್ ಕೈಗೆ ಬರೋವರೆಗೂ ಮಷೀನ್ ಮುಟ್ಟಲ್ಲ ಅಂತ ಹಟ ಹಿಡಿದಿದ್ದೀಯಂತೆ. ಸಿಟ್ಟು ಬಂದಿದ್ದು ತಪ್ಪಲ್ಲ ಕಣೋ, ನನಗೂ ಬಂತು. ಆದ್ರೆ ಆ ಟಾರ್ಪಾಲ್ ವಿಷ್ಯ ಕೇಳಿ ಮಾತ್ರ ನನಗೆ ನಿದ್ದೆ ಬರ್ಲಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಈಗ ಒಂದು ಕೆಲಸ ಮಾಡು. ಬಚ್ಚಲಲ್ಲಿ ಟೂತ್‌ಪೇಸ್ಟಿನ ಖಾಲಿ ಡಬ್ಬ ಇರುತ್ತಲ್ಲ, ರಟ್ಟಿಂದು, ಅದರ ಎರಡೂ ತುದಿ ಮುಚ್ಚಳ ಹರಿದು ಹಾಕು. ಎರಡು ಕಡೆನೂ ಕೈಯಲ್ಲಿ ಹಿಡ್ಕೊಂಡು ಒದ್ದೆ ಬಟ್ಟೆ ಹಿಂಡೋ ಹಾಗೆ ಮೆತ್ತಗೆ ತಿರುಚು. ನೋಡಿದ್ಯಾ, ಒಂದು ತುದೀಲಿ ಮುಂದಿನ ಅಂಚು ಮೇಲೇಳುತ್ತೆ, ಇನ್ನೊಂದು ತುದೀಲಿ ಕೆಳಗಿಳಿಯುತ್ತೆ, ಆದ್ರೂ ಡಬ್ಬ ಮುರಿಯಲ್ಲ. 1899ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಅನ್ನೋ ಊರಲ್ಲಿ, ಸೈಕಲ್ ಅಂಗಡೀಲಿ ನಿಂತ್ಕೊಂಡು ಮುಂದೆ ತಮ್ಮ ಆರ್ವಿಲ್ ಜೊತೆ ಸೇರಿ ವಿಮಾನ ಹಾರಿಸಿದ ವಿಲ್ಬರ್ ರೈಟ್ ಕೂಡ ಇದನ್ನೇ ಮಾಡಿದ್ದು. ಅವನ ಕೈಲಿದ್ದದ್ದು ಸೈಕಲ್ ಟ್ಯೂಬಿನ ರಟ್ಟಿನ ಡಬ್ಬ, ಅಷ್ಟೇ ವ್ಯತ್ಯಾಸ. ವಿಮಾನದ ರೆಕ್ಕೇನೂ ಹೀಗೇ ತಿರುಚಿದ್ರೆ ಒಂದು ಕಡೆ ಜಾಸ್ತಿ ಎತ್ತುತ್ತೆ, ಇನ್ನೊಂದು ಕಡೆ ಕಮ್ಮಿ, ಅಂದ್ರೆ ಗಾಳೀಲಿ ವಾಲಿದ್ದನ್ನ ನೇರ ಮಾಡ್ಕೋಬಹುದು ಅಂತ ಅವನಿಗೆ ಹೊಳೀತು. ಆಮೇಲೆ ಅವರು ಆಡಿದ ಇಡೀ ಪೇಟೆಂಟ್ ಜಗಳ ಹುಟ್ಟಿದ್ದು ಆ ರಟ್ಟಿನ ಡಬ್ಬದಿಂದ.

ನಿನ್ನ ಅರ್ಜಿ ಡ್ರಾಫ್ಟ್ ಓದಿದೆ, ತಂಗಿ ಕಳಿಸಿದ್ಲು, ಅವಳಿಗೆ ಬೈಬೇಡ. ಅದರಲ್ಲಿ 'ತೆಂಗಿನಕಾಯಿ ಸುಲಿಯುವ ಯಂತ್ರ' ಅಂತ ಬರ್ದು ಮೋಟರಿಂದ ಹಿಡಿದು ಚಕ್ರದವರೆಗೂ ಎಲ್ಲಾ ನಂದೇ ಅಂದಿದ್ದೀಯ. ಮುಳ್ಳಿನ ರೋಲರ್ ನಿಂದಲ್ಲ, ಸ್ಪ್ರಿಂಗ್ ಹಾಕೋದೂ ನಿಂದಲ್ಲ, ಅವೆಲ್ಲಾ ಹಳೇವು. ರೋಲರ್ ಮಟ್ಟೆ ದಾಟಿ ಚಿಪ್ಪಿಗೆ ತಾಗಿದ ತಕ್ಷಣ ತಾನೇ ಹಿಂದಕ್ಕೆ ಸರಿಯೋ ಆ ಒಂದು ಲಿವರ್ ಮಾತ್ರ ನಿಂದು. ಆದ್ರೆ ಅದರ ಬಗ್ಗೆ ಬರ್ದಿರೋದು ಬರೀ ಎರಡು ಸಾಲು. ರೈಟ್ ಅಣ್ಣತಮ್ಮಂದಿರೂ ಮೊದಲು ಇದೇ ತಪ್ಪು ಮಾಡಿದ್ದು. 1903ರ ಮಾರ್ಚಲ್ಲಿ ತಾವೇ ಅರ್ಜಿ ಬರ್ದು ಹಾಕಿದ್ರು, ಪೇಟೆಂಟ್ ಆಫೀಸು ನೀವು ಬರ್ದಿರೋದು ಸ್ಪಷ್ಟ ಇಲ್ಲ ಅಂತ ವಾಪಸ್ ಮಾಡ್ತು. ಮುಂದಿನ ವರ್ಷ ಪಕ್ಕದ ಊರಿನ ಹ್ಯಾರಿ ಟೌಲ್ಮಿನ್ ಅನ್ನೋ ವಕೀಲನ್ನ ಹಿಡಿದ್ರು. ಅವನು ಇಂಜಿನ್ ಸುದ್ದಿಗೇ ಹೋಗ್ಲಿಲ್ಲ. ಗಾಳೀಲಿ ಪಕ್ಕಕ್ಕೆ ವಾಲದ ಹಾಗೆ ರೆಕ್ಕೆಯ ಎರಡು ತುದಿಯ ಕೋನ ಬದಲಾಯಿಸೋದು, ಅದರ ಜೊತೆಗೇ ಹಿಂದಿನ ಚುಕ್ಕಾಣಿ ತಿರುಗಿಸೋದು, ಇಷ್ಟನ್ನೇ ಗಟ್ಟಿಯಾಗಿ ಬರ್ದ. ರೆಕ್ಕೆ ತಿರುಚಿದ್ರೂ ಸರಿ, ಬೇರೆ ರೀತಿ ಮಾಡಿದ್ರೂ ಸರಿ, ತತ್ವ ನಮ್ದು ಅನ್ನೋ ಹಾಗೆ. 1906ರ ಮೇ 22ಕ್ಕೆ ಪೇಟೆಂಟ್ ಸಿಕ್ತು, ನಂಬರ್ 8,21,393. ಅದರ ಚಿತ್ರ ತೆಗೆದು ನೋಡು, ಇಂಜಿನ್ನೇ ಇಲ್ಲ, 1902ರ ಗ್ಲೈಡರ್ ಅದು! ವಿಮಾನದ ಪೇಟೆಂಟಲ್ಲಿ ಇಂಜಿನ್ ಇಲ್ಲ ಅನ್ನೋದನ್ನ ಮೊದಲ ಸಲ ನೋಡಿದಾಗ ನಾನು ನಕ್ಕಿದ್ದೆ, ಆಮೇಲೆ ತಲೆಗೆ ಹೋಯ್ತು. ನೀನೂ ಆ ಲಿವರ್ ಬಗ್ಗೆ ನಾಲ್ಕು ಪುಟ ಬರಿ, ಚಕ್ರ ಗಿಕ್ರ ಎಲ್ಲಾ ಬಿಡು.

ಈಗ ಟಾರ್ಪಾಲ್ ವಿಷ್ಯಕ್ಕೆ ಬರ್ತೀನಿ.

1903ರ ಡಿಸೆಂಬರ್ 17ಕ್ಕೆ ಅವರು ಮೊದಲು ಹಾರಿದ್ದು 12 ಸೆಕೆಂಡು, 120 ಅಡಿ. ನಮ್ಮ ಹಿತ್ಲಿಂದ ಬಾವಿಕಟ್ಟೆವರೆಗೂ ಅಷ್ಟಿರಬಹುದು. 1905ರ ಅಕ್ಟೋಬರ್ ಹೊತ್ತಿಗೆ ಅದೇ ಜನ 39 ನಿಮಿಷ ಗಾಳೀಲಿದ್ದು 24 ಮೈಲಿ ಸುತ್ತಿದ್ರು. ಪ್ರಪಂಚದಲ್ಲಿ ಅವರ ಹತ್ರಕ್ಕೆ ಬರೋರು ಯಾರೂ ಇರ್ಲಿಲ್ಲ. ಆಮೇಲೆ ಏನ್ ಮಾಡಿದ್ರು ಗೊತ್ತಾ, ಯಾರಾದ್ರೂ ನೋಡಿ ಕದ್ದುಬಿಡ್ತಾರೆ ಅಂತ ಮಷೀನ್ ಒಳಗಿಟ್ಟು ಹಾರೋದನ್ನೇ ನಿಲ್ಲಿಸಿಬಿಟ್ರು. 1908ರ ಮೇವರೆಗೂ, ಎರಡೂವರೆ ವರ್ಷ! ಅಷ್ಟರಲ್ಲಿ 1906ರಲ್ಲಿ ಸ್ಯಾಂಟೋಸ್ ಡುಮಾಂಟ್ ಅನ್ನೋ ಬ್ರೆಜಿಲ್ಲಿನವನು ಪ್ಯಾರಿಸ್ಸಲ್ಲಿ ಜನದ ಎದುರೇ ಹಾರಿ ತೋರಿಸಿ ಚಪ್ಪಾಳೆ ತಗೊಂಡ, ಇವರನ್ನ ಅಲ್ಲಿನ ಪೇಪರಿನೋರು ಸುಳ್ಳರಿರಬೇಕು ಅಂತ ಆಡ್ಕೊಂಡ್ರು. ಅಮೆರಿಕದಲ್ಲೇ ಗ್ಲೆನ್ ಕರ್ಟಿಸ್ ಅನ್ನೋ ಮೋಟರ್ ಸೈಕಲ್ ಮಾಡ್ತಿದ್ದೋನು 1908ರ ಜುಲೈ 4ಕ್ಕೆ ಜನ ಸೇರಿಸಿ ಹಾರಿ ಟ್ರೋಫಿ ಹೊಡೆದ. ಅವನು ರೆಕ್ಕೆ ತಿರುಚ್ತಿರ್ಲಿಲ್ಲ, ರೆಕ್ಕೆ ತುದೀಲಿ ಸಣ್ಣ ಬಾಗಿಲು ಥರ ಪಟ್ಟಿ ಇಟ್ಟಿದ್ದ, ಈಗ ನೀನು ವಿಮಾನದ ಕಿಟಕೀಲಿ ನೋಡಿದ್ರೆ ಮೇಲೆ ಕೆಳಗೆ ಆಡುತ್ತಲ್ಲ ಅದೇ. ನಂದು ಬೇರೆ ಅಂದ ಅವನು, ತತ್ವ ನಮ್ದೇ ಅಂದ್ರು ಇವರು. 1909ರ ಆಗಸ್ಟಲ್ಲಿ ಕೇಸ್ ಬಿತ್ತು.

ಕೇಸ್ ಯಾರು ಗೆದ್ದಿದ್ದು ಅಂದ್ರೆ ರೈಟ್ ಕಡೆಯವರೇ. 1914ರ ಜನವರೀಲಿ ಮೇಲಿನ ಕೋರ್ಟೂ ಇವರ ಪರ ಹೇಳ್ತು. ಆದ್ರೆ ಅಷ್ಟೊತ್ತಿಗೆ ವಿಲ್ಬರ್ ಇರ್ಲಿಲ್ಲ ಕಣೋ. 1912ರ ಮೇ 30ಕ್ಕೆ ಟೈಫಾಯ್ಡಲ್ಲಿ ಹೋಗ್ಬಿಟ್ಟ, 45 ವರ್ಷ ಅಷ್ಟೇ. ವಕೀಲರು, ಅಫಿಡವಿಟ್ಟು, ಸಾಕ್ಷಿ ಅಂತ ಊರೂರು ಅಲೆದೇ ಕೊನೇ ಮೂರು ವರ್ಷ ಕಳೆದ. ಸಾಯೋ ವರ್ಷ ಜನವರೀಲಿ ಒಂದು ಕಾಗದದಲ್ಲಿ, ಈ ಟೈಮೆಲ್ಲಾ ಪ್ರಯೋಗಕ್ಕೆ ಕೊಟ್ಟಿದ್ರೆ ಏನೇನು ಮಾಡಬಹುದಿತ್ತೋ ಅಂತ ಸಂಕಟ ತೋಡ್ಕೊಂಡಿದಾನೆ. ಒಬ್ಬ ಹಿರಿಯ ಗೆಳೆಯ ಇದ್ದ, ಆಕ್ಟೇವ್ ಶನೂಟ್ ಅಂತ ಇಂಜಿನಿಯರ್, ಶುರುವಿಂದ ಇವರ ಬೆನ್ನು ತಟ್ಟಿದವನು, ರೆಕ್ಕೆ ತಿರುಚೋದು ಹಳೇ ವಿಚಾರ, ಅಷ್ಟೊಂದು ಜಗ್ಗಾಡಬೇಡಿ ಅಂತ ಹೇಳಿದ್ದಕ್ಕೆ ಅವನ ಜೊತೇನೂ ಮನಸ್ತಾಪ. ಅವನು 1910ರಲ್ಲಿ ತೀರ್ಕೊಂಡ.

ಇನ್ನೊಂದು ಕೇಳು, ಇದು ತಮಾಷೆನೋ ದುಃಖನೋ ನನಗೇ ಗೊತ್ತಿಲ್ಲ. 1917ರಲ್ಲಿ ಅಮೆರಿಕ ಮೊದಲನೇ ಮಹಾಯುದ್ಧಕ್ಕಿಳಿದಾಗ ಆಕಾಶದಲ್ಲಿ ಕಾದಾಡೋಕೆ ತಕ್ಕ ವಿಮಾನ ಅವರ ದೇಶದ್ದೇ ಇರ್ಲಿಲ್ಲ, ಅಮೆರಿಕದ ಹುಡುಗರು ಹೆಚ್ಚಾಗಿ ಫ್ರಾನ್ಸಿನೋರ ವಿಮಾನ ಹತ್ತಿ ಕಾದಾಡಿದ್ರು. ಪೇಟೆಂಟ್ ಜಗಳ ಒಂದೇ ಕಾರಣ ಅಂತ ನಾನು ಹೇಳಲ್ಲ, ಆದ್ರೆ ಸರ್ಕಾರನೇ ಮಧ್ಯ ಬಂದು ಎಲ್ಲರ ಪೇಟೆಂಟೂ ಒಂದು ಗಂಟು ಕಟ್ಟಿ, ಯಾರು ಬೇಕಾದ್ರೂ ಇಷ್ಟು ದುಡ್ಡು ಕಟ್ಟಿ ಉಪಯೋಗಿಸಿ ಅಂತ ಮಾಡ್ತು. ಆರ್ವಿಲ್ ಅಷ್ಟರಲ್ಲಿ ಕಂಪನಿ ಮಾರಿ ಕೈ ತೊಳ್ಕೊಂಡಿದ್ದ. 1929ರಲ್ಲಿ ಕರ್ಟಿಸ್ ಕಂಪನಿ, ರೈಟ್ ಕಂಪನಿ ಎರಡೂ ಸೇರಿ ಕರ್ಟಿಸ್-ರೈಟ್ ಅಂತ ಒಂದೇ ಬೋರ್ಡಾಯ್ತು, ಅದೂ ಕರ್ಟಿಸ್ ಹೆಸರು ಮುಂದೆ.

ಹಾಗಂತ ಪೇಟೆಂಟೇ ಬೇಡ ಅಂತ ತಿಳ್ಕೋಬೇಡ. ಕಾಗದ ಬೇಕು. ಆದ್ರೆ ಬರೀ ಕಾಗದ ಹಿಡ್ಕೊಂಡು ಕೂತವನ ಕಥೆನೂ ಇದೆ. ಜಾರ್ಜ್ ಸೆಲ್ಡನ್ ಅಂತ ಅಮೆರಿಕದ ರಾಚೆಸ್ಟರ್ ಊರಿನ ವಕೀಲ, 1879ರಲ್ಲೇ ಮೋಟರ್ ಗಾಡಿಗೆ ಅರ್ಜಿ ಹಾಕಿ, ಹದಿನಾರು ವರ್ಷ ಅದನ್ನೇ ತಿದ್ದಿ ತೀಡಿ ಎಳೆದು 1895ರಲ್ಲಿ ಪೇಟೆಂಟ್ ತಗೊಂಡ. ಗಾಡಿ ಮಾತ್ರ ಮಾಡ್ಲಿಲ್ಲ! ಕಾರು ಮಾಡೋ ಕಂಪನಿಗಳು ಸಂಘ ಕಟ್ಕೊಂಡು ರಾಯಲ್ಟಿ ಕೊಟ್ರು, ಹೆನ್ರಿ ಫೋರ್ಡ್ ಮಾತ್ರ ಕೊಡಲ್ಲ ಅಂತ ನಿಂತ. ಕೋರ್ಟಲ್ಲಿ ತೋರಿಸೋಕೆ ಅಂತ ಆಮೇಲೆ ಪೇಟೆಂಟ್ ನೋಡ್ಕೊಂಡು ಗಾಡಿ ಕಟ್ಟಿದ್ರು. 1911ರಲ್ಲಿ ಕೋರ್ಟು, ಸೆಲ್ಡನ್ ಪೇಟೆಂಟ್ ಬ್ರೇಟನ್ ಅನ್ನೋನ ಥರದ ಇಂಜಿನ್ನಿಗೆ, ಫೋರ್ಡ್ ಹಾಕಿರೋದು ಒಟ್ಟೊ ಅನ್ನೋನ ಥರದ ಬೇರೆ ಇಂಜಿನ್ನು, ಹಾಗಾಗಿ ಫೋರ್ಡ್ ಏನೂ ಕೊಡಬೇಕಿಲ್ಲ ಅಂತ ತೀರ್ಪು ಕೊಡ್ತು. ಇನ್ನೊಂದೇ ವರ್ಷಕ್ಕೆ ಪೇಟೆಂಟಿನ ಅವಧಿನೂ ಮುಗೀತು.

ಅಲಬಾಮಾದ ಮೇರಿ ಆಂಡರ್ಸನ್ ಅನ್ನೋ ಹೆಣ್ಣುಮಗಳದ್ದು ಕೇಳಿದ್ರೆ ನನಗೆ ಈಗ್ಲೂ ಹೊಟ್ಟೆ ಚುರ್ ಅನ್ನುತ್ತೆ. ನ್ಯೂಯಾರ್ಕಲ್ಲಿ ಟ್ರಾಮ್ ಡ್ರೈವರ್ ಚಳೀಲಿ ಗಾಜು ತೆಗೆದು ಒದ್ದಾಡೋದು ನೋಡಿ, ಒಳಗಿಂದ ಹಿಡಿ ಎಳೆದ್ರೆ ಹೊರಗಿನ ಗಾಜು ಒರೆಸೋ ವೈಪರ್ ಮಾಡಿ 1903ರ ನವೆಂಬರಲ್ಲಿ ಪೇಟೆಂಟ್ ತಗೊಂಡ್ಲು. ಕೆನಡಾದ ಒಂದು ಕಂಪನಿಗೆ ಬರ್ದ್ರೆ ಇದರಿಂದ ಅಂಥ ವ್ಯಾಪಾರ ಆಗಲ್ಲ ಅಂದ್ರು. ಹದಿನೇಳು ವರ್ಷ ಕಳೆದು 1920ರಲ್ಲಿ ಪೇಟೆಂಟ್ ಮುಗೀತು, ಅವಳಿಗೆ ಒಂದು ಕಾಸೂ ಸಿಗಲಿಲ್ಲ. ಆಮೇಲೆ ವೈಪರ್ ಇಲ್ಲದ ಕಾರೇ ಇಲ್ಲ.

1903 ಯಾವ ಗಳಿಗೇಲಿ ಹುಟ್ಟಿದ ವರ್ಷನೋ ನೋಡು. ರೈಟ್ ಹಾರಿದ್ದು ಅದೇ ವರ್ಷ, ಫೋರ್ಡ್ ಕಂಪನಿ ಶುರುವಾಗಿದ್ದು ಅದೇ ವರ್ಷ, ಜಿಲೆಟ್ ರೇಜರ್ ಅಂಗಡಿಗೆ ಬಂದಿದ್ದೂ ಅದೇ ವರ್ಷ. ಆ ವರ್ಷ ಪೂರ್ತಿ ಜಿಲೆಟ್ಟು ಮಾರಿದ್ದು 51 ರೇಜರು, 168 ಬ್ಲೇಡು. ಮುಂದಿನ ವರ್ಷ ತೊಂಬತ್ತು ಸಾವಿರ ದಾಟ್ತು. ನೀನು ನಾಲ್ಕು ಮಷೀನ್ ಮಾರಿ ಯಾರೂ ತಗೊಳ್ತಿಲ್ಲ ಅಂತ ಕೊರಗ್ತಿದ್ಯಲ್ಲ, ಅದಕ್ಕೆ ಹೇಳಿದೆ. ಆ ಜಿಲೆಟ್ಟಿಗೆ ಐಡಿಯಾ ಇತ್ತೇ ಹೊರತು ಅಷ್ಟು ತೆಳ್ಳನೆ ತಗಡನ್ನ ಹದ ಮಾಡಿ ಸಾಣೆ ಹಿಡಿಯೋದು ಅವನ ಕೈಲಿ ಆಗ್ತಿರ್ಲಿಲ್ಲ, ನಿಕರ್ಸನ್ ಅನ್ನೋನು ಅದಕ್ಕೆ ಮಷೀನ್ ಮಾಡಿಕೊಟ್ಟ. ನಮ್ಮ ವಿಶ್ವೇಶ್ವರಯ್ಯನೋರು ಪುಣೆ ಹತ್ರ ಖಡಕ್‌ವಾಸ್ಲಾ ಕೆರೆಗೆ ತಾನೇ ತೆರೆದು ತಾನೇ ಮುಚ್ಚೋ ಗೇಟು ಹಾಕಿದ್ದೂ ಅದೇ 1903ರಲ್ಲಿ, ಅದಕ್ಕೆ ಪೇಟೆಂಟೂ ತಗೊಂಡಿದ್ರು. ಆಮೇಲೆ ಅದೇ ಥರದ ಗೇಟು ಗ್ವಾಲಿಯರಿಗೂ ಹೋಯ್ತು, ನಮ್ಮ ಕನ್ನಂಬಾಡಿಗೂ ಬಂತು. ಅವರು ಪೇಟೆಂಟ್ ಕಾಗದ ಪೆಟ್ಟಿಗೇಲಿಟ್ಟು ಗೇಟಿಗೆ ಟಾರ್ಪಾಲ್ ಹೊದಿಸಲಿಲ್ಲ.

ನಿದ್ದೆ ಬರ್ಲಿಲ್ಲ ಅಂದ್ನಲ್ಲ, ಅದು ಇದಕ್ಕೇ. ನಾನು ಪೀಣ್ಯದಲ್ಲಿ ಟೂಲ್‌ರೂಮಲ್ಲಿದ್ದಾಗ ಒಂದು ಫಿಕ್ಸ್ಚರ್, ಅಂದ್ರೆ ಕೆಲಸ ಮಾಡೋ ಪೀಸನ್ನ ಅಲ್ಲಾಡದ ಹಾಗೆ ಹಿಡಿಯೋ ಸಾಧನ, ಮಾಡಿದ್ದೆ, ಒಂದೇ ಹಿಡಿ ಎಳೆದ್ರೆ ನಾಲ್ಕು ಪೀಸ್ ಒಟ್ಟಿಗೆ ಕ್ಲ್ಯಾಂಪ್ ಆಗೋದು, ಸಣ್ಣದು ದೊಡ್ಡದು ಅಂತ ಬೇಧ ಇಲ್ದೆ. ನಾನೇ ಒಂದು ಶಾಪ್ ಹಾಕೋವಾಗ ಬೇಕಾಗುತ್ತೆ, ಇವರಿಗ್ಯಾಕೆ ತೋರಿಸ್ಲಿ ಅಂತ ಮನೆಗೆ ತಂದು ಟ್ರಂಕಲ್ಲಿ ಹಳೇ ಪಂಚೇಲಿ ಸುತ್ತಿಟ್ಟೆ. ನಿಮ್ಮತ್ತೆಗೂ ಹೇಳಿರ್ಲಿಲ್ಲ. ಆರು ವರ್ಷ ಆದ್ಮೇಲೆ ತೆಗೆದ್ರೆ ಪಂಚೆಗೆ ತುಕ್ಕಿನ ಕಲೆ, ಹಿಡಿ ಅಲ್ಲಾಡ್ಲಿಲ್ಲ. ಅಷ್ಟೊತ್ತಿಗೆ ಎಲ್ಲಾ ಕಡೆ ಗಾಳಿ ಒತ್ತಡದ ಕ್ಲ್ಯಾಂಪ್ ಬಂದಿತ್ತು, ಅದನ್ನ ಕೇಳೋರೇ ಇಲ್ಲ. ನನ್ನಿಂದ ಯಾರೂ ಕದ್ದಿರ್ಲಿಲ್ಲ ಪುಟ್ಟಾ, ಕದಿಯೋಕೂ ಯಾರೂ ಬರ್ಲಿಲ್ಲ.

ಈಗ ಮಾಡಬೇಕಾದ್ದು ಹೇಳ್ತೀನಿ. ಸೋಮವಾರ ಆ ಪೇಟೆಂಟ್ ಏಜೆಂಟ್ ಹತ್ರ ಹೋಗು, ಪ್ರಾವಿಷನಲ್ ಅರ್ಜಿ ಮೊದಲು ಹಾಕ್ಸು, ಪೂರ್ತಿ ವಿವರ ಕೊಡೋಕೆ ಹನ್ನೆರಡು ತಿಂಗಳು ಟೈಮಿರುತ್ತೆ. ವೀಡಿಯೋ ಆಗಲೇ ಹೊರಗೆ ಬಂದಿದೆ ಅನ್ನೋದನ್ನ ಮೊದಲ ಮಾತಲ್ಲೇ ಅವರಿಗೆ ಹೇಳು, ಯಾವ ತಾರೀಖು, ಯಾರು ಹಾಕಿದ್ದು, ನಿನ್ನ ಒಪ್ಪಿಗೆ ಇತ್ತಾ ಇಲ್ವಾ ಎಲ್ಲಾ. ಇಲ್ಲಿ ಅರ್ಜಿಗೆ ಮುಂಚೆ ಜನಕ್ಕೆ ತೋರಿಸಿದ್ರೆ ಹೊಸದು ಅನ್ನಿಸ್ಕೊಳ್ಳೋದೇ ಕಷ್ಟ ಆಗುತ್ತೆ, ಮುಚ್ಚಿಟ್ರೆ ಆಮೇಲೆ ಕುತ್ತಿಗೆಗೆ ಬರುತ್ತೆ. ಅರ್ಜಿ ನಂಬರ್ ಕೈಗೆ ಬರೋವರೆಗೂ ಕೃಷಿ ಮೇಳ ಗಿಳ ಅಂತ ಹೋಗ್ಬೇಡ. ಕೆಲಸ ಮಾತ್ರ ಒಂದು ದಿನನೂ ನಿಲ್ಲಿಸ್ಬೇಡ. ರೈಟ್ ಅಣ್ಣತಮ್ಮಂದಿರು 1901ರಲ್ಲಿ ಆರಡಿ ಉದ್ದದ ಮರದ ಪೆಟ್ಟಿಗೆಗೆ ಫ್ಯಾನ್ ಕಟ್ಟಿ ಇನ್ನೂರರ ಹತ್ರ ಸಣ್ಣ ರೆಕ್ಕೆ ಮಾಡಿ ಒಂದೊಂದನ್ನೂ ಅಳೆದು ಬರ್ಕೊಂಡಿದ್ರು. ನಿನ್ನ ಹತ್ರ ಒಂದು ನೋಟ್‌ಬುಕ್ ಇದ್ಯಾ?

ಆ ಲೇತ್ ಹುಡುಗನ ವೀಡಿಯೋ ನಾನೂ ನೋಡಿದೆ. ಸಿಟ್ಟಾಗ್ಬೇಡ, ಅವನ ರೋಲರ್ ಮುಳ್ಳು ನಿನ್ನದಕ್ಕಿಂತ ಚೆನ್ನಾಗಿ ಕೂತಿದೆ, ವೆಲ್ಡಿಂಗ್ ಅಲ್ಲ, ಒಳಗೆ ಕೊರೆದು ಕೂರಿಸಿದಾನೆ. ಆದ್ರೆ ಲಿವರ್ ಅವನಿಗೆ ಅರ್ಥ ಆಗಿಲ್ಲ, ಎರಡನೇ ಕಾಯಿಗೇ ಚಿಪ್ಪು ಒಡೀತು, ವೀಡಿಯೋ ಅಲ್ಲಿಗೇ ಕಟ್ ಮಾಡಿದಾನೆ. ಅರ್ಜಿ ಹಾಕಿದ್ಮೇಲೆ ಅವನನ್ನ ಕರೆದು ಟೀ ಕುಡಿಸಿ ಮಾತಾಡು ಅಂತ ನನಗನ್ಸುತ್ತೆ, ಕೇಸ್ ಹಾಕೋದು ಬಿಡೋದು ಆಮೇಲೆ ನೋಡೋಣ. ನಿಮ್ಮಪ್ಪ ಇದಕ್ಕೆ ಒಪ್ಪಲ್ಲ ಅಂತ ಗೊತ್ತು, ಭಾವನ ಜೊತೆ ನಾನೇ ಮಾತಾಡ್ತೀನಿ.

ಶನಿವಾರ ಬೆಳಗಿನ ರೈಲಿಗೆ ಬರ್ತೀನಿ, ತಿಪಟೂರು ಸ್ಟೇಷನ್ನಿಗೆ ಸ್ಕೂಟರ್ ತಗೊಂಡು ಬಾ. ನೂರು ಕಾಯಿ ಎತ್ತಿಡು, ದಪ್ಪ ಸಣ್ಣ, ಒಣಗಿದ್ದು ಹಸಿದು ಎಲ್ಲಾ ಬೆರೆಸಿ, ಆರಿಸ್ಬೇಡ. ಎಷ್ಟು ಚಿಪ್ಪು ಒಡೀತು ಅಂತ ಒಂದೊಂದೇ ಬರ್ಕೊಳ್ಳೋಣ. ಒಡೆದ ಕಾಯಿ ಒಂದು ಕಡೆ ಇಡೋಕೆ ಅಕ್ಕನಿಗೆ ಹೇಳು, ಮಧ್ಯಾಹ್ನ ಒಬ್ಬಟ್ಟು ಮಾಡ್ತೀನಿ ಅಂದಿದಾಳೆ.

ನಿನ್ನ ಮಾವ