ಜಾಗ್ವಾರ್ ಕಿಟ್‌ನಲ್ಲಿ ರೆಕ್ಕೆಯೇ ಇಲ್ಲ: ನಿಮ್ಮ ಕಸ್ಟಮರ್ ಕೇರ್ ಮೇಲೆ ದೂರು

ಗೆ,
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಮಾಡೆಲ್ ಕಿಟ್ ಮಳಿಗೆ

ವಿಷಯ: ನಿಜ ವಿಮಾನದ 1/72 ಅಳತೆಯ ಜಾಗ್ವಾರ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಿಟ್‌ನಲ್ಲಿ ರೆಕ್ಕೆಯ ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಇಲ್ಲದಿರುವುದು, ಮಿಗ್-21 ಯುದ್ಧವಿಮಾನದ ಕಿಟ್‌ನ ಕ್ಯಾನಪಿ (ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ) ಬಿರುಕು ಬಿಟ್ಟಿರುವುದು ಮತ್ತು ನಿಮ್ಮ ಸಿಬ್ಬಂದಿಯ ವರ್ತನೆ.

ಮಾನ್ಯರೇ,

ಫೋನಿನಲ್ಲಿ ಮರ್ಯಾದೆಯಿಂದ ಕೇಳಿದ್ದಾಯಿತು, ಇ-ಮೇಲ್ ಹಾಕಿದ್ದಾಯಿತು. ‘ನಿಮ್ಮ ಟಿಕೆಟ್ ಕ್ಲೋಸ್ ಆಗಿದೆ’ ಅನ್ನುವ ಮೆಸೇಜ್ ಬಂತೇ ಹೊರತು ರೆಕ್ಕೆ ಬರಲಿಲ್ಲ.

ಜಾಗ್ವಾರ್ ಪೆಟ್ಟಿಗೆಯಲ್ಲಿ ‘ಎ’ ಸ್ಪ್ರೂ ಎರಡಿವೆ, ‘ಬಿ’ ಸ್ಪ್ರೂ ಇಲ್ಲ. ಅಂದರೆ ವಿಮಾನದ ಒಡಲು ಎರಡೆರಡು ಬಂದಿದೆ, ರೆಕ್ಕೆ ಒಂದೂ ಬಂದಿಲ್ಲ. ಮಿಗ್ ಪೆಟ್ಟಿಗೆಯಲ್ಲಿ ಪಾರದರ್ಶಕ ಭಾಗಗಳನ್ನು ಬೇರೆ ಕವರಿಗೆ ಹಾಕದೆ ಹಾಗೇ ತುಂಬಿದ್ದೀರಿ, ಕ್ಯಾನಪಿ ಅಡ್ಡಕ್ಕೆ ಬಿರುಕು ಬಿಟ್ಟಿದೆ. ಬೇರೆ ಭಾಗವಾದರೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು ಮುಚ್ಚಬಹುದು. ಕ್ಯಾನಪಿಗೆ ಅದು ಆಗುವುದಿಲ್ಲ. ಪೆಟ್ಟಿಗೆ ಬಿಚ್ಚಿದ ವಿಡಿಯೋ, ಫೋಟೋ ಅದೇ ಸಂಜೆ ಕಳಿಸಿದ್ದೇನೆ. ಭಾಗ ಕಮ್ಮಿ ಬಂದರೆ ಏಳು ದಿನದೊಳಗೆ ತಿಳಿಸಿ, ಬದಲಿ ಕೊಡುತ್ತೇವೆ ಎಂದು ನಿಮ್ಮ ಬಿಲ್ಲಿನ ಹಿಂಬದಿಯಲ್ಲೇ ಅಚ್ಚಾಗಿದೆ. ನಿಮ್ಮ ನಿಯಮವನ್ನು ನಾನು ನಿಮಗೆ ಓದಿ ಹೇಳಬೇಕಾಗಿಲ್ಲ.

ಇನ್ನು ಆ ಫೋನ್ ಕರೆಯ ವಿಚಾರ. ‘ಯಾವ ಪಾರ್ಟ್ ಸಾರ್?’ ಅಂದ ನಿಮ್ಮ ಹುಡುಗ. ‘ಬಿ ಸ್ಪ್ರೂ, ಜಾಗ್ವಾರ್ ರೆಕ್ಕೆ’ ಅಂದೆ. ಕಂಪ್ಯೂಟರಿನಲ್ಲಿ ನೋಡಿ, ‘ಮಿಗ್ ಕೂಡ ತಗೊಂಡಿದ್ದೀರಲ್ಲ, ಯಾವ ಪ್ಲೇನ್ ಮಾಡ್ತಿದ್ದೀರ?’ ಅಂತ ಕೇಳಿದ. ‘ಮಿಗ್ ಒಡಲಿಗೆ ಜಾಗ್ವಾರ್ ರೆಕ್ಕೆ ಕೂರಿಸ್ತೀನಿ’ ಅಂದೆ. ‘ಅಂಥ ಪ್ಲೇನ್ ಇದ್ಯಾ ಸಾರ್?’ ‘ಇಲ್ಲಪ್ಪ, ಅದು ನನ್ನ ಕಲ್ಪನೆ.’ ಆತ ಫೋನಿಗೆ ಕೈ ಅಡ್ಡ ಹಿಡಿದು ಪಕ್ಕದವನಿಗೆ, ‘ಮಗಾ, ಇಲ್ದೇ ಇರೋ ಪ್ಲೇನಿಗೆ ರೆಕ್ಕೆ ಕೇಳ್ತಾವ್ರೆ’ ಅಂದಿದ್ದು ಸ್ಪಷ್ಟವಾಗಿ ಕೇಳಿಸಿತು. ಇಬ್ಬರೂ ನಕ್ಕಿದ್ದೂ ಕೇಳಿಸಿತು. ಮತ್ತೆ ಲೈನಿಗೆ ಬಂದು, ‘ಮೊಮ್ಮಗನಿಗಾ ಅಂಕಲ್?’ ಅಂದ. ಅಲ್ಲಿಯವರೆಗೆ ಸಾರ್ ಆಗಿದ್ದವನು ಅಂಕಲ್ ಆದೆ. ‘ನನಗೇ’ ಅಂದೆ. ‘ಮಿಗ್ ಕಿಟ್‌ನಲ್ಲೇ ರೆಕ್ಕೆ ಇರುತ್ತಲ್ಲ ಅಂಕಲ್, ಅದನ್ನೇ ಅಂಟಿಸ್ಕೊಳ್ಳಿ. ಬಾಕ್ಸ್ ಮೇಲಿರೋ ಪ್ಲೇನ್ ಮಾಡದಿದ್ರೆ ಮಿಸ್‌ಯೂಸ್ ಆಗುತ್ತೆ, ಪಾರ್ಟ್ ಕೊಡೋಕ್ಕಾಗಲ್ಲ’ ಅಂತ ಹೇಳಿ ಫೋನ್ ಇಟ್ಟ. ಹೆಂಡತಿ ಎದುರಿಗೇ ಕೂತಿದ್ದಳು. ಸ್ಪೀಕರ್ ಹಾಕಿದ್ದರಿಂದ ಎಲ್ಲವನ್ನೂ ಅವಳೂ ಕೇಳಿಸಿಕೊಂಡಳು.

ಮಿಸ್‌ಯೂಸ್ ಅನ್ನುವ ನಿಯಮ ನಿಮ್ಮ ಬಿಲ್ಲಿನಲ್ಲಿ ಎಲ್ಲಿದೆ, ತೋರಿಸಿ. ನಾನು ಪಾಲಿಟೆಕ್ನಿಕ್‌ನಲ್ಲಿ ಮೆಷಿನ್ ಡ್ರಾಯಿಂಗ್ ಕಲಿಸಿ ನಿವೃತ್ತನಾದವನು. ಕೈಗೆ ಸಿಕ್ಕಿದ್ದನ್ನೆಲ್ಲ ಅಂಟಿಸುತ್ತಾ ಕೂರುವವನಲ್ಲ. ಮಿಗ್-21ರ ತ್ರಿಕೋನ ರೆಕ್ಕೆ ವೇಗಕ್ಕೆ ಹೇಳಿ ಮಾಡಿಸಿದ್ದು, ಆದರೆ ಇಳಿಯುವಾಗ ವೇಗ ತಗ್ಗಿಸಲು ಬಿಡುವುದಿಲ್ಲ. ಜಾಗ್ವಾರ್‌ನ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿದೆ, ಇಳಿಯುವಾಗ ವೇಗ ತಗ್ಗಿಸಲು ನೆರವಾಗುವಂತೆ ಕೆಳಕ್ಕೆ ಬಾಗುವ ಫ್ಲಾಪ್‌ಗಳು ಅದರ ಉದ್ದಕ್ಕೂ ಇವೆ, ಕ್ಷಿಪಣಿಯನ್ನು ರೆಕ್ಕೆಯ ಮೇಲೂ ಕೂರಿಸಬಹುದು. 1963ರಲ್ಲಿ ನಮ್ಮ ವಾಯುಪಡೆಗೆ ಬಂದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆದ ಮಿಗ್-21ಕ್ಕೆ ಇಂಥ ರೆಕ್ಕೆ ಸಿಕ್ಕಿದ್ದರೆ ಹೇಗಿರುತ್ತಿತ್ತು ಎಂದು ಕಟ್ಟಿ ನೋಡುತ್ತಿದ್ದೇನೆ. ಮಿಗ್‌ನ ಮುಖ್ಯ ಲ್ಯಾಂಡಿಂಗ್ ಗೇರ್ (ಗಾಲಿ ಮತ್ತು ಅದರ ಕಾಲು) ರೆಕ್ಕೆಗೆ ಜೋಡಿಸಿರುತ್ತದೆ. ರೆಕ್ಕೆ ಬದಲಾದರೆ ಅದನ್ನು ಒಡಲಿಗೆ ತರಬೇಕು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅದಕ್ಕೆ ಒಳಗೆ ಗೂಡು ಕಟ್ಟಿಯೂ ಆಗಿದೆ. ಇನ್ನು ಮುಂದೆ ಹೋಗಬೇಕಾದರೆ ರೆಕ್ಕೆ ಬೇಕು.

ನಿಜವಾದ ಎಂಜಿನಿಯರುಗಳೂ ಇದನ್ನೇ ಮಾಡಿದ್ದಾರೆ. ಸೋವಿಯತ್‌ನವರು ಮಿಗ್-21ರ ಒಡಲಿಗೆ ಟುಪೊಲೆವ್-144 ಪ್ರಯಾಣಿಕ ವಿಮಾನದ ಮಾದರಿಯ ರೆಕ್ಕೆ ಹಾಕಿ 1968ರಲ್ಲಿ ಹಾರಿಸಿದರು. 1984ರಲ್ಲಿ ಹಾರಿದ ಅಮೆರಿಕದ ಎಕ್ಸ್-29 ಪ್ರಯೋಗ ವಿಮಾನದ ಮುಂಭಾಗ ಎಫ್-5 ಯುದ್ಧವಿಮಾನದ್ದು, ಮುಖ್ಯ ಲ್ಯಾಂಡಿಂಗ್ ಗೇರ್ ಎಫ್-16 ಯುದ್ಧವಿಮಾನದ್ದು. ಅದೂ ಮಿಸ್‌ಯೂಸೇ?

ನಾನೇನು ಕಟ್ಟುತ್ತೇನೆ ಅನ್ನುವುದು ನಿಮಗೆ ಸಂಬಂಧಪಟ್ಟ ವಿಷಯವಲ್ಲ. ಪೆಟ್ಟಿಗೆಯ ಮೇಲೆ ಬರೆದಿರುವುದೆಲ್ಲ ಪೆಟ್ಟಿಗೆಯೊಳಗೆ ಇರಬೇಕು, ಅಷ್ಟೇ. ಬಿ ಸ್ಪ್ರೂ ಮತ್ತು ಮಿಗ್ ಕ್ಯಾನಪಿಯನ್ನು ನಿಮ್ಮ ಖರ್ಚಿನಲ್ಲೇ ಕಳಿಸಿಕೊಡಿ. ಆ ಹುಡುಗನ ಪರವಾಗಿ ನಿಮ್ಮ ಮ್ಯಾನೇಜರ್ ಲಿಖಿತ ಕ್ಷಮೆ ಕೇಳಲಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಈ ದೂರು ಸಿಕ್ಕಿದೆಯೆಂದು ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಕೊಡದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನು ವಾಸವಿರುವ ಊರಿನಲ್ಲೇ ದಾವೆ ಹೂಡಬಹುದು. 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ನೀವು ಮಾತ್ರ ಪ್ರತಿ ತಾರೀಖಿಗೂ ವಕೀಲರನ್ನು ಇಲ್ಲಿಗೆ ಕಳಿಸಬೇಕಾಗುತ್ತದೆ. ಕಿಟ್‌ನ ಬೆಲೆಯ ಜೊತೆಗೆ ಮಾನಸಿಕ ಹಿಂಸೆಗೂ ಪರಿಹಾರ ಕೇಳುತ್ತೇನೆ. ಕರೆ ರೆಕಾರ್ಡ್ ಆಗುತ್ತದೆ ಎಂದು ಶುರುವಿನಲ್ಲೇ ನಿಮ್ಮ ಯಂತ್ರ ಹೇಳಿತ್ತು. ಆ ರೆಕಾರ್ಡಿಂಗನ್ನು ಅಳಿಸಬೇಡಿ. ಆಯೋಗದ ಮುಂದೆ ಅದನ್ನು ಹಾಜರುಪಡಿಸುವಂತೆ ಮೊದಲ ದಿನವೇ ಅರ್ಜಿ ಹಾಕುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ಸರಸ್ವತಿಪುರಂ, ಮೈಸೂರು